ಆಟೋ ಸ್ಟಾರ್ಟರ್ ಕಿತ್ತು ಹಾಕಿ ಅಂದರೆ ಯಾರು ಕೇಳುತ್ತಾರೆ?

ಹಳ್ಳಿ ಫೀಡರ್‌ಗಳ, ಅಂದರೆ ಸಬ್‌ಸ್ಟೇಷನ್‌ನಿಂದ ಹಳ್ಳಿಗೆ ಬರುವ ಕರೆಂಟ್ ಲೈನ್‌ಗಳ, ಕೆಲಸ ನೋಡುವ ನನ್ನಂಥವರಿಗೆ ಆಟೋ ಸ್ಟಾರ್ಟರ್ ಅಂದರೆ ತಲೆನೋವು. ಪಂಪ್‌ಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಂದ ಕ್ಷಣ ಅದು ತಾನೇ ಮೋಟರ್ ಆನ್ ಮಾಡುತ್ತದೆ. ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಹತ್ತು ಹನ್ನೆರಡು ಪಂಪ್‌ಸೆಟ್ ಇದ್ದರೆ ಎಲ್ಲವೂ ಒಟ್ಟಿಗೇ ಶುರು. ಹೊರಡುವಾಗ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕೊನೆಗೆ ಟಿಸಿ ಸುಡುತ್ತದೆ, ಇಲ್ಲವೇ ಮೋಟರ್ ರೀವೈಂಡಿಂಗ್ ಅಂಗಡಿ ಸೇರುತ್ತದೆ.

ಹಾಗಂತ ರೈತರನ್ನು ಬೈದು ಏನು ಪ್ರಯೋಜನ? ರಾತ್ರಿ ಎರಡು ಗಂಟೆಗೆ ಕರೆಂಟ್ ಕೊಟ್ಟರೆ ಹಾವು ಓಡಾಡುವ ಬದುವಿನ ಮೇಲೆ ಟಾರ್ಚ್ ಹಿಡಿದು ಹೋಗಬೇಕು. "ಸಾರ್, ನೀವು ಹಗಲು ಹೊತ್ತು ಕೊಡಿ, ಆಟೋನ ನಾನೇ ಕಿತ್ತು ಬಿಸಾಕ್ತೀನಿ" ಅಂದರು ಒಬ್ಬ ಹಿರಿಯರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಇದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಬಂತು. ಬಿಸಿಲಿರುವಾಗ ಕರೆಂಟ್ ಹೇರಳ, ಹಾಗಾಗಿ ಪಂಪ್‌ಗೆ ಹಗಲು ಹೊತ್ತೇ ಕೊಡಬಹುದು. ರೈತರ ಸೋಲಾರ್‌ಗಾಗಿ ಕೇಂದ್ರ ಸರ್ಕಾರ ತಂದ 2019ರ ಪಿಎಂ ಕುಸುಮ್ ಯೋಜನೆಯಲ್ಲಿ ಇಡೀ ಕೃಷಿ ಫೀಡರನ್ನೇ ಸೋಲಾರ್ ಮೇಲೆ ಓಡಿಸುವುದಕ್ಕೂ ಅವಕಾಶ ಇದೆ. ಟಿಸಿಗೆ ಸ್ವಲ್ಪ ಉಸಿರು, ರೈತರಿಗೆ ರಾತ್ರಿ ನಿದ್ದೆ.

ಆದರೆ ನೀರು? ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಹಾಗಾಗಿ ಮೋಟರ್ ಆಫ್ ಮಾಡೋಕೆ ಕಾರಣವೇ ಇಲ್ಲ. ಹೊಲಕ್ಕೊಂದು ಸೋಲಾರ್ ಪಂಪ್ ಕೊಟ್ಟು ಗ್ರಿಡ್‌ಗೆ (ಊರಿನ ಕರೆಂಟ್ ಜಾಲಕ್ಕೆ) ಜೋಡಿಸದೆ ಬಿಟ್ಟರೂ ಅಷ್ಟೇ, ಬಿಸಿಲಿದ್ದಷ್ಟು ಹೊತ್ತು ನೀರು ಸುಮ್ನೆ ಹರಿಯುತ್ತಿರುತ್ತದೆ. ಕೋಲಾರದ ಕಡೆ ಬೋರ್‌ಗಳು ಸಾವಿರ ಅಡಿ ದಾಟಿವೆ, ಅಲ್ಲಿ ಪ್ಯಾನೆಲ್ ಹಾಕಿದ ಮಾತ್ರಕ್ಕೆ ನೀರು ಮೇಲೆ ಬರಲ್ಲ ಅಲ್ವಾ?

ಅದಕ್ಕೇ ನನಗೆ ನಮ್ಮ ರಾಜ್ಯ ಸರ್ಕಾರದ 2014ರ ಸೂರ್ಯ ರೈತ ಯೋಜನೆಯ ಲೆಕ್ಕಾಚಾರ ಇಷ್ಟ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಅದನ್ನು ಮಾಡಿ ನೋಡಿದರು. ಪಂಪ್‌ಗೆ ಬೇಕಾದಷ್ಟು ಬಳಸಿ, ಉಳಿದ ಕರೆಂಟನ್ನು ಗ್ರಿಡ್‌ಗೆ ಮಾರಿ. ಅಂದರೆ ಮೋಟರ್ ಆಫ್ ಮಾಡಿದಷ್ಟೂ ಕಾಸು. ಪ್ಯಾನೆಲ್ ಖರ್ಚು, ಸಾಲದ ಕಂತು ಅಂತ ತೊಡಕುಗಳು ಇದ್ದೇ ಇವೆ, ಕೊಡುವ ದರ ಕಮ್ಮಿಯಾದರೆ ರೈತರು ಕರೆಂಟ್ ಮಾರುವ ಬದಲು ಇನ್ನೊಂದು ಮಡಿ ಕಬ್ಬಿಗೆ ನೀರು ಬಿಡುತ್ತಾರೆ. ಯಾರಾದರೂ ಸೋಲಾರ್ ಪಂಪ್ ಬೇಕು ಅಂತ ಬಂದರೆ ನಾನು ಈಗ ಎಚ್‌ಪಿ ಕೇಳುವ ಮೊದಲು ಕೇಳುವುದು, ನಿಮ್ಮ ಹೊಲದಿಂದ ಗ್ರಿಡ್ ಲೈನ್ ಎಷ್ಟು ದೂರ ಅಂತ.