ಕಾಲ್‌ಬ್ಯಾಕ್ ಆಗಿ ಹೋದ ಫಂಕ್ಷನ್ನಿನ ಒಡೆಯ ಯಾರು?

ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ‘ಎಣಿಕೆ’ ಎಂಬ ಆಬ್ಜೆಕ್ಟ್ ಒಂದನ್ನು ರಚಿಸಿ, ಅದರೊಳಗೆ ‘ಮೊತ್ತ’ ಎಂಬ ಸಂಖ್ಯೆಯನ್ನೂ ಅದನ್ನು ಒಂದರಷ್ಟು ಏರಿಸುವ ‘ಹೆಚ್ಚಿಸು’ ಎಂಬ ಫಂಕ್ಷನ್ನನ್ನೂ ಇಟ್ಟಿದ್ದೇವೆ ಎಂದುಕೊಳ್ಳಿ. (ಹೆಸರುಗಳಲ್ಲಿ ಯೂನಿಕೋಡ್ ಅಕ್ಷರಗಳನ್ನು ಈ ಭಾಷೆ ಒಪ್ಪುವುದರಿಂದ ಕನ್ನಡದಲ್ಲೇ ಹೀಗೆ ಬರೆಯಬಹುದೆಂಬುದು ಸಂತೋಷದ ಸಂಗತಿ.) ‘ಎಣಿಕೆ.ಹೆಚ್ಚಿಸು()’ ಎಂದು ಕರೆದಾಗ ಮೊತ್ತ ಸರಿಯಾಗಿಯೇ ಏರುತ್ತದೆ. ಅದೇ ಫಂಕ್ಷನ್ನನ್ನು ಗುಂಡಿಯೊಂದರ ಕ್ಲಿಕ್‌ಗೆ ಕಾಲ್‌ಬ್ಯಾಕ್ (ಮುಂದೆ ಬೇಕಾದಾಗ ಕರೆಯಲೆಂದು ಕೊಟ್ಟಿಡುವ ಫಂಕ್ಷನ್) ಆಗಿ ಒಪ್ಪಿಸಿದರೆ ಮೊತ್ತ ಕದಲುವುದಿಲ್ಲ, ದೋಷದ ಸಂದೇಶವೂ ಕಾಣಿಸುವುದಿಲ್ಲ.

‘ಹೆಚ್ಚಿಸು’ ಮೊತ್ತವನ್ನು ತಲುಪುವುದು ‘ದಿಸ್’ (this, ಫಂಕ್ಷನ್ ಸದ್ಯ ಯಾವ ಆಬ್ಜೆಕ್ಟಿನ ಪರವಾಗಿ ಓಡುತ್ತಿದೆ ಎಂದು ಸೂಚಿಸುವ ಪದ) ಮೂಲಕ. ಸಾಮಾನ್ಯ ಫಂಕ್ಷನ್ನಿನೊಳಗಿನ ‘ದಿಸ್’ ಯಾವುದನ್ನು ಸೂಚಿಸಬೇಕೆಂಬುದು ಅದನ್ನು ಬರೆದ ಜಾಗದಲ್ಲಲ್ಲ, ಕರೆಯುವ ಗಳಿಗೆಯಲ್ಲಿ ನಿರ್ಧಾರವಾಗುತ್ತದೆ. ಚುಕ್ಕೆಯ ಎಡಗಡೆ ‘ಎಣಿಕೆ’ ಇದ್ದುದರಿಂದ ಮೊದಲ ಕರೆಯಲ್ಲಿ ‘ದಿಸ್’ ಎಂದರೆ ಎಣಿಕೆಯೇ ಆಗಿತ್ತು. ಆದರೆ ಕಾಲ್‌ಬ್ಯಾಕ್ ಆಗಿ ಒಪ್ಪಿಸುವಾಗ ನಾವು ಕೊಡುವುದು ಬರಿಯ ಫಂಕ್ಷನ್ನನ್ನು. ಅದು ಯಾವ ಆಬ್ಜೆಕ್ಟಿನಿಂದ ಬಂತೆಂಬ ಗುರುತು ಅದರ ಜೊತೆಗೆ ಹೋಗುವುದಿಲ್ಲ. ಕ್ಲಿಕ್ ಆದಾಗ ಬ್ರೌಸರ್ ಗುಂಡಿಯನ್ನೇ ‘ದಿಸ್’ ಆಗಿಸಿ ಅದನ್ನು ಕರೆಯುತ್ತದೆ. ಗುಂಡಿಗೆ ‘ಮೊತ್ತ’ ಎಂಬ ಗುಣವೇ ಇಲ್ಲದ ಕಾರಣ, ಇಲ್ಲದ ಬೆಲೆಗೆ ಒಂದನ್ನು ಕೂಡಿಸಿದ ಫಲವಾಗಿ ‘ಸಂಖ್ಯೆಯಲ್ಲ’ ಎಂದು ಸಾರುವ ವಿಶೇಷ ಬೆಲೆಯೊಂದು ಗುಂಡಿಯ ಮೇಲೆ ಸದ್ದಿಲ್ಲದೆ ಕೂರುತ್ತದೆ. ಈ ಮೌನವೇ ಕಲಿಯುವವರನ್ನು ಹೆಚ್ಚು ಕಾಡುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಫಂಕ್ಷನ್ನನ್ನು ಕರೆಯುವ ಸೆಟ್‌ಟೈಮ್‌ಔಟ್‌ಗೆ ಒಪ್ಪಿಸಿದರೆ ‘ದಿಸ್’ ಜಾಗದಲ್ಲಿ ವಿಂಡೋ, ಅಂದರೆ ಬ್ರೌಸರ್ ಕಿಟಕಿಯನ್ನು ಪ್ರತಿನಿಧಿಸುವ ಆಬ್ಜೆಕ್ಟ್, ಬರುತ್ತದೆ. ಈ ಭಾಷೆಯ ಮಾನಕದ 2009ರ ಐದನೆಯ ಆವೃತ್ತಿ ತಂದ ಸ್ಟ್ರಿಕ್ಟ್ ಮೋಡ್‌ನಲ್ಲಿ (ನಿಯಮಗಳನ್ನು ಬಿಗಿಗೊಳಿಸುವ ಬಗೆಯಲ್ಲಿ), ಚುಕ್ಕೆಯಿಲ್ಲದೆ ಕರೆದ ಫಂಕ್ಷನ್ನಿನ ‘ದಿಸ್’ ‘ಅನ್‌ಡಿಫೈನ್ಡ್’ (ಬೆಲೆಯೇ ಇಲ್ಲ) ಆಗಿದ್ದು, ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ; ಇದು ನಿಜಕ್ಕೂ ಉಪಕಾರ.

ಅದೇ ಆವೃತ್ತಿಯ ‘ಬೈಂಡ್’, ‘ದಿಸ್’ ಯಾವುದೆಂದು ಮೊದಲೇ ಕಟ್ಟಿಹಾಕಿದ ಹೊಸ ಫಂಕ್ಷನ್ನನ್ನು ಕೊಡುತ್ತದೆ. 2015ರಲ್ಲಿ ಬಂದ, ‘=>’ ಎಂಬ ಬಾಣದ ಗುರುತಿನಿಂದ ಬರೆಯುವ ಆರೋ ಫಂಕ್ಷನ್ನಿಗೆ ತನ್ನದೇ ಆದ ‘ದಿಸ್’ ಇಲ್ಲ. ಅದು ಹೊರಗಿನ ಆವರಣದ ‘ದಿಸ್’ ಅನ್ನೇ ಬಳಸುತ್ತದೆ. ಹಾಗಾಗಿ ‘ಹೆಚ್ಚಿಸು’ವನ್ನೇ ಆರೋ ಆಗಿ ಬರೆಯುವುದು ತಪ್ಪು, ಅಲ್ಲಿ ಹೊರಗಿನ ‘ದಿಸ್’ ಎಣಿಕೆಯಲ್ಲ; ‘ಎಣಿಕೆ.ಹೆಚ್ಚಿಸು()’ ಎಂಬ ಕರೆಯನ್ನು ಪುಟ್ಟ ಆರೋ ಫಂಕ್ಷನ್ನಿನೊಳಗೆ ಇಟ್ಟು ಒಪ್ಪಿಸುವುದು ನನಗೆ ಅತ್ಯಂತ ಸ್ಪಷ್ಟವಾದ ದಾರಿಯೆಂದು ತೋರುತ್ತದೆ, ಏಕೆಂದರೆ ಓದುವವರಿಗೆ ಒಡೆಯ ಯಾರೆಂಬುದು ಅಲ್ಲೇ ಕಾಣುತ್ತದೆ. ಬೈಂಡ್, ಆರೋ ಎಂಬ ಎರಡು ದಾರಿಗಳಲ್ಲೂ ಪ್ರತಿಸಲ ಹುಟ್ಟುವುದು ಹೊಸ ಫಂಕ್ಷನ್. ಮುಂದೆ ಆ ಕ್ಲಿಕ್ ಕೇಳುಗವನ್ನು (ಕ್ಲಿಕ್‌ಗೆ ಒಪ್ಪಿಸಿದ ಕಾಲ್‌ಬ್ಯಾಕನ್ನು) ತೆಗೆದುಹಾಕಬೇಕಿದ್ದರೆ, ಸೇರಿಸಿದ ಅದೇ ಫಂಕ್ಷನ್ನನ್ನು ಹೆಸರೊಂದರಲ್ಲಿ ಇಟ್ಟುಕೊಂಡಿರಬೇಕು.