ಮಿರರ್ ಫ್ಯೂಸ್ ಪದೇ ಪದೇ ಹೋಗುತ್ತಿದೆ, ದೊಡ್ಡದು ಹಾಕಬಹುದೇ?

ಪ್ರಶ್ನೆ: ನಮ್ಮ ಕಾರಿನ ಎರಡೂ ಸೈಡ್ ಮಿರರ್‌ಗಳು ಸ್ವಿಚ್ ಒತ್ತಿದರೆ ಅಲುಗಾಡುವುದಿಲ್ಲ. ಫ್ಯೂಸ್ ಬದಲಿಸಿದರೆ ಸ್ವಲ್ಪ ದಿನ ಸರಿಯಿದ್ದು ಮತ್ತೆ ಸುಡುತ್ತದೆ. 10 ಆಂಪಿಯರ್ ಬದಲು 30ರದ್ದು ಹಾಕಿದರೆ ಆಗದೇ?
– ದಾವಣಗೆರೆಯ ಓದುಗರು

ಆಗದು. ಈ ಉತ್ತರವನ್ನು ಎಷ್ಟು ಸಲ ಬರೆದರೂ ಪ್ರಶ್ನೆ ಮಾತ್ರ ನಿಂತಿಲ್ಲ; ಆದ್ದರಿಂದ ಈ ಸಲ ಕಾರಣವನ್ನೇ ಬಿಡಿಸಿ ಹೇಳುತ್ತೇನೆ.

ಫ್ಯೂಸ್ ಇರುವುದು ಮೋಟಾರನ್ನು ಉಳಿಸಲು ಎಂಬ ನಂಬಿಕೆಯೇ ತಪ್ಪು. ಅದು ಕಾಯುವುದು ವೈರನ್ನು. ಆ ವೈರಿನ ದಪ್ಪಕ್ಕೆ ಎಷ್ಟು ಕರೆಂಟು ಸುರಕ್ಷಿತವೋ ಅದನ್ನು ನೋಡಿಯೇ ಕಂಪನಿಯವರು ಅಲ್ಲಿ ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ಇಟ್ಟಿರುತ್ತಾರೆ. ಅದನ್ನು ಕಿತ್ತು ಹಸಿರು ಬಣ್ಣದ 30 ಆಂಪಿಯರಿನದನ್ನು ಸಿಕ್ಕಿಸಿದಿರೆಂದುಕೊಳ್ಳಿ. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಮೂರು ಪಟ್ಟು ಕರೆಂಟು ಹರಿದರೆ ಶಾಖ ಒಂಬತ್ತು ಪಟ್ಟಾಗುತ್ತದೆ. ಫ್ಯೂಸ್ ಗಟ್ಟಿಯಾಗಿ ಉಳಿಯುತ್ತದೆ, ಡ್ಯಾಷ್‌ಬೋರ್ಡಿನ ಹಿಂದೆ ವೈರಿನ ಪ್ಲಾಸ್ಟಿಕ್ ಹೊದಿಕೆ ಕರಗಿ, ಅದೇ ಕಟ್ಟಿನಲ್ಲಿರುವ ಪಕ್ಕದ ವೈರುಗಳನ್ನೂ ಹಾಳುಮಾಡುತ್ತದೆ. ಸಿಗರೇಟು ಪ್ಯಾಕಿನ ಬೇಗಡೆಯನ್ನೋ ತಾಮ್ರದ ಎಳೆಯನ್ನೋ ಸುತ್ತುವವರ ಬಗ್ಗೆ ಹೇಳುವುದೇ ಬೇಡ. ಅದಕ್ಕೆ ಲೆಕ್ಕವೂ ಇಲ್ಲ, ಮಿತಿಯೂ ಇಲ್ಲ.

ಇನ್ನೊಂದು ಲೆಕ್ಕ ನೋಡಿ. ಕನ್ನಡಿಯನ್ನು ತಿರುಗಿಸುವ ಪುಟ್ಟ ಮೋಟಾರಿಗೆ ಸಾಮಾನ್ಯವಾಗಿ ಒಂದು ಆಂಪಿಯರ್ ಕೂಡ ಬೇಕಿಲ್ಲ. ಹಾಗಿರುವಾಗ 10 ಆಂಪಿಯರಿನ ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದೆಯೆಂದರೆ ಎಲ್ಲೋ ಶಾರ್ಟ್ ಆಗಿದೆ ಎಂದೇ ತಿಳಿಯಬೇಕು.

ಮೊದಲು ಮ್ಯಾನ್ಯುಯಲ್ ತೆರೆದು ಆ ಫ್ಯೂಸಿನಿಂದ ಇನ್ನೇನೇನು ನಡೆಯುತ್ತದೆಂದು ನೋಡಿ. ಹಲವು ಕಾರುಗಳಲ್ಲಿ ಚಾರ್ಜರ್ ಸಾಕೆಟ್ಟಿಗೂ ಅದೇ ಫ್ಯೂಸ್ ಇರುತ್ತದೆ; ಸಾಕೆಟ್ಟಿನೊಳಗೆ ಬಿದ್ದ ನಾಣ್ಯ ಅಥವಾ ರಸ್ತೆಬದಿಯಲ್ಲಿ ಕೊಂಡ ಅಗ್ಗದ ಚಾರ್ಜರ್ ಮಿರರನ್ನೂ ನಿಲ್ಲಿಸಬಲ್ಲದು. ಆಮೇಲೆ ಬಾಗಿಲು ಮತ್ತು ಬಾಡಿಯ ನಡುವಿನ ರಬ್ಬರ್ ಕೊಳವೆಯನ್ನು ಸರಿಸಿ ನೋಡಿ. ಬಾಗಿಲು ತೆರೆದು ಮುಚ್ಚಿದಂತೆಲ್ಲ ಅಲ್ಲಿನ ವೈರುಗಳು ಮಡಚಿ ಸವೆಯುತ್ತವೆ, ಅದರಲ್ಲೂ ಹೆಚ್ಚು ಬಳಕೆಯಾಗುವ ಡ್ರೈವರ್ ಬಾಗಿಲಿನವು. ತುಂಡಾದ ಜಾಗದಲ್ಲೇ ಬೆಸುಗೆ ಹಾಕಿ ಟೇಪು ಸುತ್ತಿದರೆ ಆ ಜಾಗ ಬಿಗಿಯಾಗಿ ಮತ್ತೆ ಮುರಿಯುತ್ತದೆ. ಆದ್ದರಿಂದ ಮಡಚುವ ಭಾಗದಿಂದ ದೂರದಲ್ಲಿ ಜೋಡಣೆ ಬರುವಂತೆ ಉದ್ದದ ಹೊಸ ವೈರು ಹಾಕಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಒಂದೇ ಮಿರರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಫ್ಯೂಸಿನ ತಪ್ಪಿರುವುದಿಲ್ಲ. ಎಡ-ಬಲ ಆರಿಸುವ ಗುಂಡಿ ನಡುವಿನ ಸ್ಥಾನದಲ್ಲಿದ್ದರೂ ಎರಡೂ ಅಲುಗಾಡವು. ಇದನ್ನೂ ನೋಡದೆ ಗ್ಯಾರೇಜಿಗೆ ಬರುವವರಿದ್ದಾರೆ.

ಯಾರೂ ಕೇಳದಿದ್ದರೂ ಇಲಿಗಳ ವಿಷಯ ಹೇಳಬೇಕು. ಮೆಕ್ಕೆಜೋಳದ ಸುಗ್ಗಿಯಲ್ಲಿ ಗೋದಾಮು, ಕಣಗಳ ಪಕ್ಕ ರಾತ್ರಿ ನಿಲ್ಲಿಸಿದ ಕಾರಿನ ಬಾನೆಟ್ ಅವುಗಳಿಗೆ ಬೆಚ್ಚಗಿನ ತಾಣ. ಅವು ವೈರಿನ ಹೊದಿಕೆಯನ್ನು ಕಡಿದಿಟ್ಟರೆ, ತಾಮ್ರ ಕಾರಿನ ಬಾಡಿಯ ಲೋಹಕ್ಕೆ ತಾಗಿದಾಗಷ್ಟೇ ಫ್ಯೂಸ್ ಹೋಗುತ್ತದೆ. ಅದಕ್ಕಾಗಿಯೇ ಕೆಲವೊಮ್ಮೆ ಗುಂಡಿ ಬಿದ್ದ ರಸ್ತೆಯಲ್ಲಿ ಮಾತ್ರ ದೋಷ ಕಾಣಿಸಿಕೊಳ್ಳುತ್ತದೆ. ಸೀಟಿನಡಿ ಮಂಡಕ್ಕಿ, ಶೇಂಗಾ ಚೆಲ್ಲಿದ್ದರೆ ಗುಡಿಸಿ, ವಾರಕ್ಕೊಮ್ಮೆ ಬಾನೆಟ್ ತೆರೆದು ಹಿಕ್ಕೆ ಬಿದ್ದಿದೆಯೇ ನೋಡಿ.