ಸಿಗಾರ್ ಉಡುಗೊರೆಯೂ ಕರಾವಳಿಯ ತೇವವೂ

ಸಿಗಾರ್ ಸೇದಿ ಪಳಗಿದ ಹಿರಿಯರಿಗೆ ಉಡುಗೊರೆ ಕೊಡಬೇಕೆಂದು ಕಾರವಾರದ ನನ್ನ ಅಂಗಡಿಗೆ ಬರುವವರು ಮೊದಲು ಬೆಲೆ ಕೇಳುತ್ತಾರೆ, ನಂತರ ದೇಶ. ಕ್ಯೂಬಾದ್ದೇ ಆಗಬೇಕೆ, ನಿಕರಾಗುವಾದ್ದು ನಡೆಯುತ್ತದೆಯೆ ಎಂಬ ಚರ್ಚೆ ಅರ್ಧ ತಾಸು ನಡೆಯುತ್ತದೆ. ಕೊಂಡ ದಿನದಿಂದ ಕೊಡುವ ದಿನದವರೆಗೆ ಎಲ್ಲಿಡುತ್ತೀರಿ ಎಂದು ನಾನು ಕೇಳಿದರೆ ಮಾತ್ರ ಒಂದೇ ಪದದ ಉತ್ತರ ಬರುತ್ತದೆ: "ಕಪಾಟಿನಲ್ಲಿ." ತುಸು ತಿಳಿದವರಾದರೆ "ಫ್ರಿಜ್ಜಿನಲ್ಲಿ." ಸಾವಿರಾರು ರೂಪಾಯಿಯ ವಸ್ತುವನ್ನು ಇಷ್ಟು ಪ್ರೀತಿಯಿಂದ ಆರಿಸಿ ಇಷ್ಟು ಸುಲಭವಾಗಿ ಕೆಡಿಸುವುದನ್ನು ಕಂಡು ನನಗೆ ತಡೆಯಲಾಗದೆ ಇದನ್ನು ಬರೆಯುತ್ತಿದ್ದೇನೆ.

ಆಯ್ಕೆಯ ಮಾತನ್ನು ಬೇಗ ಮುಗಿಸುತ್ತೇನೆ. ಅವರು ಸಾಮಾನ್ಯವಾಗಿ ಸೇದುವ ಸಿಗಾರಿನ ಉದ್ದ, ದಪ್ಪ ಮತ್ತು ಪಟ್ಟಿಯ ಮೇಲಿನ ಹೆಸರನ್ನು ನೋಡಿಕೊಂಡು ಬನ್ನಿ. ಊಟದ ನಂತರ ಮುಕ್ಕಾಲು ತಾಸು ಕೂರುವವರಿಗೆ 5 ಇಂಚಿನ ರೊಬಸ್ಟೊ ಹೊಂದುತ್ತದೆ. 7 ಇಂಚಿನ ಚರ್ಚಿಲ್ ಮುಗಿಯಲು ಸುಮಾರು ಒಂದೂವರೆ ತಾಸು ಬೇಕು. ಹೊರಎಲೆ ಕಪ್ಪಾದಷ್ಟೂ ಸಿಗಾರ್ ಖಡಕ್ ಎಂಬ ನಂಬಿಕೆ ತಪ್ಪು. ಆ ಬಣ್ಣ ಹೆಚ್ಚಾಗಿ ಎಲೆಯನ್ನು ದೀರ್ಘಕಾಲ ಹುದುಗಿಸುವುದರಿಂದ ಬರುತ್ತದೆ. ಖಡಕ್ಕುತನ ಬರುವುದು ಮುಖ್ಯವಾಗಿ ಒಳಗೆ ತುಂಬಿದ ಎಲೆಗಳಿಂದ, ಅದರಲ್ಲೂ ಗಿಡದ ತುದಿಯಿಂದ ಕಿತ್ತ ಲಿಜೆರೊ ಎಲೆಯಿಂದ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕ್ಯೂಬಾದ ಹೆಸರಾಂತ ಬ್ರ್ಯಾಂಡ್ ಕೊಹಿಬಾ ಕಂಡರೆ, ಎಷ್ಟೇ ಅಗ್ಗವಿರಲಿ, ಮುಟ್ಟಬೇಡಿ, ಅದು ನಕಲಿ. ಇನ್ನು ಆ ಹಿರಿಯರು ಸೇದುವುದನ್ನು ಬಿಟ್ಟಿದ್ದರೆ ಅಥವಾ ಬಿಡಲು ಯತ್ನಿಸುತ್ತಿದ್ದರೆ ಈ ಉಡುಗೊರೆ ಬೇಡವೇ ಬೇಡ. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಸಿಗಾರಿಗೂ ಇದೆ. ಮಾರುವವನಾದ ನಾನೇ ಇದನ್ನು ಗಿರಾಕಿಗಳಿಗೆ ಹೇಳುತ್ತೇನೆ.

ಈಗ ಮುಖ್ಯ ವಿಷಯ. ಸಿಗಾರ್ ಒಣಗಬಾರದು ಎಂಬುದನ್ನು ಎಲ್ಲರೂ ಎಲ್ಲೋ ಓದಿರುತ್ತಾರೆ. ಆ ಸಲಹೆ ಒಣ ಹವೆಯ ದೇಶದವರಿಗೆ ಸರಿ. ನಮ್ಮ ಕರಾವಳಿಯ ಸಂಕಟ ಅದಕ್ಕೆ ತಿರುಗುಮುರುಗು. ಸಿಗಾರಿಗೆ ಬೇಕಾದ ಗಾಳಿಯ ತೇವಾಂಶ ಶೇ. 65ರಿಂದ 70ರ ಆಸುಪಾಸು. ಜುಲೈ ತಿಂಗಳಲ್ಲಿ ಕಾರವಾರದ ಗಾಳಿಯಲ್ಲಿ ಅದು ಶೇ. 85ನ್ನು ಸುಲಭವಾಗಿ ದಾಟುತ್ತದೆ. ಮಳೆಗಾಲದಲ್ಲಿ ಡಬ್ಬಿಯಿಂದ ಹೊರಗುಳಿದ ಹಪ್ಪಳ ಮೆತ್ತಗಾಗುವಂತೆ ತಂಬಾಕಿನ ಎಲೆಯೂ ಸುತ್ತಲಿನ ತೇವವನ್ನು ಹೀರಿ ಉಬ್ಬುತ್ತದೆ. ಒಳಎಲೆ ಉಬ್ಬಿದಾಗ ಗಾಳಿ ಸಾಗುವ ದಾರಿ ಮುಚ್ಚಿ, ಎಳೆದರೆ ಹೊಗೆ ಬರುವುದಿಲ್ಲ. ತೆಳುವಾದ ಹೊರಎಲೆ ಬಿರಿಯುತ್ತದೆ, ಬೆಂಕಿ ಒಂದೇ ಮಗ್ಗುಲಿಗೆ ಓಡುತ್ತದೆ, ರುಚಿ ಕಹಿಯಾಗುತ್ತದೆ. ಕೆಲವು ವಾರ ಹೀಗೆಯೇ ಇದ್ದರೆ ಬೂಸ್ಟು ಹಿಡಿಯುತ್ತದೆ. ಅನುಭವಿಗಳು ಸಿಗಾರನ್ನು ಕೈಗೆತ್ತಿಕೊಂಡೊಡನೆ ಹೆಬ್ಬೆರಳು, ತೋರುಬೆರಳುಗಳ ನಡುವೆ ಮೆಲ್ಲಗೆ ಒತ್ತಿ ನೋಡುತ್ತಾರೆ. ತುಸು ಬಾಗಿ ಮರಳಿ ಮೊದಲಿನಂತಾದರೆ ಸರಿ. ಸ್ಪಂಜಿನಂತೆ ಒಳಗಿಳಿದರೆ, ಕೊಟ್ಟವರ ಮುಂದೆ ಏನೂ ಹೇಳದೆ ಪೆಟ್ಟಿಗೆಯನ್ನು ಬದಿಗಿಡುತ್ತಾರೆ.

ಎರಡನೆಯ ಶತ್ರು ತಂಬಾಕಿನ ಹುಳ. ಅಡುಗೆಮನೆಯ ಒಣಮೆಣಸು, ಅರಿಶಿನಗಳನ್ನು ಕೊರೆಯುವುದೂ ಇದೇ ಕಂದು ಹುಳ. ಇದರ ಮೊಟ್ಟೆ ಎಲೆಯೊಳಗೆ ಕಾಣದಂತೆ ಇರಬಹುದು, ಉಷ್ಣಾಂಶ 24-25 ಡಿಗ್ರಿ ದಾಟಿದರೆ ಒಡೆಯಬಹುದು. ನಮ್ಮಲ್ಲಿ ಮೇ ತಿಂಗಳ ರಾತ್ರಿಯೇ ಅದಕ್ಕಿಂತ ಬಿಸಿ. ಹೊರಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ದುಂಡು ತೂತು ಕಂಡರೆ ಹುಳ ಆಗಲೇ ಹೊರಬಿದ್ದಿದೆ ಎಂದರ್ಥ. ಇದಕ್ಕೆ ಪರಿಹಾರ ಫ್ರೀಜರ್: ಗಾಳಿಯಾಡದ ಎರಡು ಚೀಲಗಳಲ್ಲಿ ಕಟ್ಟಿ ಮೂರು ದಿನ ಫ್ರೀಜರಿನಲ್ಲಿ, ಮತ್ತೊಂದು ದಿನ ಕೆಳಗಿನ ಫ್ರಿಜ್ಜಿನಲ್ಲಿ ಇಟ್ಟು, ಆಮೇಲಷ್ಟೇ ಹೊರಗೆ ತೆಗೆಯಬೇಕು.

ಹೀಗೆಂದ ಕೂಡಲೇ "ಹಾಗಾದರೆ ಫ್ರಿಜ್ಜೇ ಸರಿಯಾಯಿತಲ್ಲ" ಎನ್ನುತ್ತಾರೆ. ಸರಿಯಲ್ಲ. ಹುಳ ಕೊಲ್ಲಲು ಬಿಗಿಯಾಗಿ ಕಟ್ಟಿ ನಾಲ್ಕು ದಿನ ಇಡುವುದು ಬೇರೆ, ತಿಂಗಳುಗಟ್ಟಲೆ ಹಾಗೆಯೇ ಇಡುವುದು ಬೇರೆ. ಈಗಿನ ಫ್ರಿಜ್ಜುಗಳು ಒಳಗಿನ ಗಾಳಿಯನ್ನು ಒಣಗಿಸುತ್ತವೆ. ಜೊತೆಗೆ ನಮ್ಮ ಮನೆಗಳ ಫ್ರಿಜ್ಜಿನಲ್ಲಿ ಬಂಗಡೆ ಇರುತ್ತದೆ. ತಂಬಾಕು ತೇವದಂತೆಯೇ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಹಡಗಿನಲ್ಲಿ ಕೆಲಸ ಮಾಡುವ ಅಂಕೋಲೆಯ ತರುಣನೊಬ್ಬ ಸೋದರಮಾವನಿಗೆಂದು ಒಳ್ಳೆಯ ಪೆಟ್ಟಿಗೆಯನ್ನೇ ತಂದಿದ್ದ. ತಾಯಿ ಅದನ್ನು ಜೋಪಾನವಾಗಿರಲೆಂದು ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಪಕ್ಕದಲ್ಲಿ ಇಟ್ಟಿದ್ದರು. ಮಾವ ಒಂದನ್ನು ಮೂಸಿ ನೋಡಿ, "ಮಳೆಗಾಲ ಮುಗೀಲಿ ತಮ್ಮಾ, ಆಮೇಲೆ ಸೇದ್ತೆ" ಎಂದು ಮುಚ್ಚಳ ಹಾಕಿದರಂತೆ. ಆ ಹಿರಿಯರು ನನಗೆ ಪೆಟ್ಟಿಗೆ ತೋರಿಸಿ, ಹುಡುಗನಿಗೆ ತಿಳಿಯಬಾರದು ಎಂದು ಕೇಳಿಕೊಂಡರು. ಅವರ ಆ ಮಾತು ನನಗೆ ಬಹಳ ಹಿಡಿಸಿತು, ಆದರೆ ಸಿಗಾರನ್ನು ಉಳಿಸಲು ಯಾವ ದಾರಿಯೂ ಇರಲಿಲ್ಲ.

ಮಾಡಬೇಕಾದದ್ದು ಕಷ್ಟವೇನಲ್ಲ. ಮಸಾಲೆ ಹಾಕಿರದ ಹೊಸ ಡಬ್ಬಿ, ರಬ್ಬರು ಅಂಚಿನ ಬಿಗಿ ಮುಚ್ಚಳದ್ದು, ಒಂದು ಸಾಕು. ಅದರೊಳಗೆ ಶೇ. 65ರ ಹ್ಯುಮಿಡಿಟಿ ಪ್ಯಾಕ್ ಇಡಿ. ತೇವ ಹೆಚ್ಚಾದರೆ ಅದು ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಬೇಡ, ಅದು ಹೀರುತ್ತಲೇ ಹೋಗಿ ಸಿಗಾರನ್ನು ಗರಿಗರಿಯಾಗಿಸುತ್ತದೆ. ಸಿಗಾರಿನ ಪಾರದರ್ಶಕ ಹೊದಿಕೆಯನ್ನು ತೆಗೆಯದೆ, ಡಬ್ಬಿಯನ್ನು ಮನೆಯ ಅತ್ಯಂತ ತಂಪಾದ ಕೋಣೆಯಲ್ಲಿ, ಮಳೆ ಹೊಡೆಯುವ ಗೋಡೆಯಿಂದ ದೂರವಿಡಿ. ಒಳಗೊಂದು ತೇವಮಾಪಕವಿದ್ದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಪರೀಕ್ಷಿಸದೆ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬೆರೆಸಿ, ಮಾಪಕದೊಂದಿಗೆ ಜಿಪ್ ಚೀಲದಲ್ಲಿ ಒಂದು ದಿನವಿಟ್ಟರೆ ಶೇ. 75 ತೋರಿಸಬೇಕು. ಸಾಣಿಕಟ್ಟೆಯ ಹರಳುಪ್ಪಿನ ಮೇಲೆ ನನಗೂ ಅಭಿಮಾನವಿದೆ. ಆದರೆ ಸಮುದ್ರದ ಹರಳುಪ್ಪಿನಲ್ಲಿ ಮೆಗ್ನೀಷಿಯಮ್ಮಿನ ಲವಣಗಳೂ ಸೇರಿರುವುದರಿಂದ ಈ ಪರೀಕ್ಷೆಗೆ ಪ್ಯಾಕೆಟ್ಟಿನ ಪುಡಿ ಉಪ್ಪನ್ನೇ ಬಳಸಿ.

ಶಿರಸಿಯವರು ತಮ್ಮದು ಘಟ್ಟದ ಮೇಲಿನ ತಂಪು ಊರು, ಇದೆಲ್ಲ ತಮಗೆ ಬೇಡ ಎನ್ನುವುದುಂಟು. ಸೆಕೆ ಕಡಿಮೆಯಿರಬಹುದು, ಆದರೆ ಮಳೆಗಾಲದ ತೇವದಲ್ಲಿ ಅವರಿಗೂ ನಮಗೂ ಹೆಚ್ಚು ಅಂತರವಿಲ್ಲ. ಎಲ್ಲಿಯವರೇ ಆಗಲಿ, ಜೂನ್‌ನಿಂದ ಸೆಪ್ಟೆಂಬರಿನೊಳಗೆ ಕೊಳ್ಳುವುದಾದರೆ ಕೊಡುವ ದಿನ ಹತ್ತಿರ ಬಂದಾಗಲೇ ಕೊಳ್ಳಿ. ಆಗದಿದ್ದರೆ ಹಣ ಕೊಟ್ಟು, ಅಲ್ಲಿಯವರೆಗೆ ತನ್ನ ಹ್ಯೂಮಿಡರಿನಲ್ಲಿ, ಅಂದರೆ ತೇವವನ್ನು ಹದವಾಗಿ ಕಾಯುವ ಸಿಗಾರ್ ಪೆಟ್ಟಿಗೆಯಲ್ಲಿ, ಇಟ್ಟುಕೊಳ್ಳುವಂತೆ ಅಂಗಡಿಯವನಿಗೇ ಹೇಳಿ. ಹ್ಯೂಮಿಡರ್ ಇಲ್ಲದ ಅಂಗಡಿಯಾದರೆ ಅಲ್ಲಿ ಕೊಳ್ಳಬೇಡಿ.